ಆಪ್ಟಿಕಲ್ ಫೈಬರ್ ಸಂವಹನದಲ್ಲಿ ಮಾಡ್ಯುಲೇಷನ್ ವಿಧಾನಗಳು

ಗಾಜಿನ ಎಳೆಯೊಳಗೆ ಸಾಗುವ ಲೇಸರ್ ಬೆಳಕಿನ ತೀವ್ರತೆ, ಪ್ರಾವಸ್ಥೆ, ಆವೃತ್ತಿ ಅಥವಾ ಧ್ರುವೀಕರಣವನ್ನು ಕಳುಹಿಸಬೇಕಾದ ಮಾಹಿತಿಗೆ ತಕ್ಕಂತೆ ಬದಲಿಸುವ ಕ್ರಿಯೆಗೆ ಆಪ್ಟಿಕಲ್ ಮಾಡ್ಯುಲೇಷನ್ ಎಂದು ಹೆಸರು. ಮಾಹಿತಿ ಹೊರುವ ಬೆಳಕಿಗೆ ವಾಹಕ ಎನ್ನುತ್ತಾರೆ. ಒಂದು ಸಲಕ್ಕೆ ವಾಹಕದ ಮೇಲೆ ಮೂಡಿಸುವ ಸ್ಥಿತಿಯೇ ಸಿಂಬಲ್. ಒಂದು ಸೆಕೆಂಡಿನಲ್ಲಿ ಕಳುಹಿಸುವ ಸಿಂಬಲ್‌ಗಳ ಸಂಖ್ಯೆಯನ್ನು ಬಾಡ್ ಎಂಬ ಮಾನದಲ್ಲಿ ಹೇಳುತ್ತಾರೆ. ಒಂದು ಸಿಂಬಲ್ ಒಂದು ಬಿಟ್ಟನ್ನು ಹೊರಬಹುದು, ಹಲವು ಬಿಟ್‌ಗಳನ್ನೂ ಹೊರಬಹುದು. ಆದ್ದರಿಂದ ಬಾಡ್ ದರ ಮತ್ತು ಬಿಟ್ ದರ ಎರಡೂ ಒಂದೇ ಅಲ್ಲ.

ದೂರದ ಸಂವಹನಕ್ಕೆ ಬಳಸುವ ಬೆಳಕಿನ ತರಂಗಾಂತರ ಸುಮಾರು 1550 ನ್ಯಾನೊಮೀಟರ್, ಆವೃತ್ತಿ ಸುಮಾರು 193 ಟೆರಾಹರ್ಟ್ಸ್. ಇಷ್ಟು ವೇಗದ ಕಂಪನವನ್ನು ಯಾವ ವಿದ್ಯುನ್ಮಾನ ಮಂಡಲವೂ ನೇರವಾಗಿ ಅನುಸರಿಸಲಾರದು. ಹೀಗಾಗಿ ಸಂವಹನದ ವೇಗವನ್ನು ನಿರ್ಧರಿಸುವುದು ಬೆಳಕಿನ ಆವೃತ್ತಿಗಿಂತ ಮುಖ್ಯವಾಗಿ ಎರಡು ತುದಿಗಳಲ್ಲಿರುವ ವಿದ್ಯುನ್ಮಾನ ಸಾಮಗ್ರಿ ಮತ್ತು ಎಳೆಯ ಭೌತ ಗುಣಗಳು. ಭೀಮಾ ತೀರದ ಮಣ್ಣೂರಿನಂಥ ಹಳ್ಳಿಗೆ ಬರುವ ಕೊನೆಯ ಕೊಂಡಿಯಲ್ಲಿ ಒಂದು ಬಗೆಯ ಮಾಡ್ಯುಲೇಷನ್ ಇದ್ದರೆ, ಬೆಂಗಳೂರು–ಮುಂಬೈ ನಡುವಿನಂಥ ಹೆದ್ದಾರಿ ಕೊಂಡಿಯಲ್ಲಿ ಬೇರೆಯದೇ ಇರುತ್ತದೆ. ದೂರ, ವೇಗ ಮತ್ತು ಬೆಲೆ ಸೇರಿ ಈ ಆಯ್ಕೆಯನ್ನು ತೀರ್ಮಾನಿಸುತ್ತವೆ.

ಉಗಮ ಮತ್ತು ಬೆಳವಣಿಗೆ

ಬೆಳಕಿನ ಮೇಲೆ ಮಾತನ್ನು ಮೂಡಿಸುವ ಮೊದಲ ಯಶಸ್ವಿ ಸಾಧನ ಅಲೆಕ್ಸಾಂಡರ್ ಗ್ರಹಾಂ ಬೆಲ್ 1880ರಲ್ಲಿ ತೋರಿಸಿದ ಫೋಟೊಫೋನ್. ಧ್ವನಿಗೆ ಕಂಪಿಸುವ ತೆಳು ಕನ್ನಡಿ ಸೂರ್ಯನ ಬೆಳಕಿನ ತೀವ್ರತೆಯನ್ನು ಏರಿಳಿಸುತ್ತಿತ್ತು. ದೂರದಲ್ಲಿದ್ದ ಸೆಲೆನಿಯಂ ಗ್ರಾಹಕ ಅದನ್ನು ಮತ್ತೆ ಧ್ವನಿಯಾಗಿಸುತ್ತಿತ್ತು. ಬಯಲಲ್ಲಿ ಸಾಗುವ ಬೆಳಕನ್ನು ಮಂಜು, ಮಳೆ, ಧೂಳು ತಡೆಯುತ್ತಿದ್ದುದರಿಂದ ಈ ವಿಧಾನ ಬಳಕೆಗೆ ನಿಲ್ಲಲಿಲ್ಲ. 1966ರಲ್ಲಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್, ಗಾಜಿನ ನಷ್ಟಕ್ಕೆ ಅದರೊಳಗಿನ ಕಲ್ಮಶವೇ ಮುಖ್ಯ ಕಾರಣವೆಂದೂ ಶುದ್ಧ ಗಾಜಿನಲ್ಲಿ ಬೆಳಕನ್ನು ದೂರ ಒಯ್ಯಬಹುದೆಂದೂ ತೋರಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆ ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕಡಿಮೆ ನಷ್ಟದ ಎಳೆಯನ್ನು ತಯಾರಿಸಿತು. ಆ ದಶಕ ಮುಗಿಯುವ ಹೊತ್ತಿಗೆ ನಷ್ಟ 1550 ನ್ಯಾನೊಮೀಟರ್‌ನಲ್ಲಿ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್‌ಗೆ ಇಳಿದಿತ್ತು. ಕಾವೊ ಅವರಿಗೆ 2009ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಭಾರತದಲ್ಲಿ ಮೊದಲ ಆಪ್ಟಿಕಲ್ ಫೈಬರ್ ವ್ಯವಸ್ಥೆ 1979ರಲ್ಲಿ ಪುಣೆಯ ಸ್ಥಳೀಯ ದೂರವಾಣಿ ವಿನಿಮಯ ಕೇಂದ್ರಗಳ ನಡುವೆ ಶುರುವಾಯಿತು.

ಆ ಕಾಲದ ಎಲ್ಲ ಜಾಲಗಳೂ ಬೆಳಕನ್ನು ಹಚ್ಚಿ ಆರಿಸುವ ಸರಳ ವಿಧಾನವನ್ನೇ ಬಳಸಿದವು. 1988ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾದ ಮೊದಲ ಆಪ್ಟಿಕಲ್ ಕೇಬಲ್ ಟ್ಯಾಟ್-8 ಒಂದು ಜೋಡಿ ಎಳೆಯಲ್ಲಿ ಸೆಕೆಂಡಿಗೆ 280 ಮೆಗಾಬಿಟ್ ಸಾಗಿಸುತ್ತಿತ್ತು. 1980ರ ದಶಕದಲ್ಲಿ ಪ್ರಯೋಗಾಲಯಗಳು ಬೆಳಕಿನ ಪ್ರಾವಸ್ಥೆಯನ್ನೂ ಬಳಸುವ ಕೋಹೆರೆಂಟ್ ವಿಧಾನದ ಕಡೆ ವಾಲಿದ್ದವು. ದುರ್ಬಲ ಸಿಗ್ನಲ್ಲನ್ನೂ ಹಿಡಿಯುವ ಗ್ರಾಹಕ ಸಿಗುತ್ತದೆ ಎಂಬುದು ಅದರ ಆಕರ್ಷಣೆಯಾಗಿತ್ತು. 1987ರಲ್ಲಿ ಎರ್ಬಿಯಂ ಬೆರೆಸಿದ ಫೈಬರ್ ಆಂಪ್ಲಿಫೈಯರ್ ಬಂದು, ದುರ್ಬಲ ಬೆಳಕನ್ನು ಬೆಳಕಾಗಿಯೇ ವರ್ಧಿಸುವುದು ಸಾಧ್ಯವಾದಾಗ ಆ ಆಕರ್ಷಣೆ ಇಳಿಯಿತು, ಕೋಹೆರೆಂಟ್ ಸಂಶೋಧನೆ ಸುಮಾರು ಇಪ್ಪತ್ತು ವರ್ಷ ಹಿನ್ನೆಲೆಗೆ ಸರಿಯಿತು. 1990ರ ದಶಕವಿಡೀ ವೇಗ ಹೆಚ್ಚಿದ್ದು ಒಂದೇ ಎಳೆಯಲ್ಲಿ ಹಲವು ತರಂಗಾಂತರಗಳನ್ನು ಒಟ್ಟಿಗೆ ಕಳುಹಿಸುವ ತರಂಗಾಂತರ ವಿಭಾಗ ವಿಧಾನದಿಂದ. ಪ್ರತಿ ತರಂಗಾಂತರದ ಮೇಲಿನ ಮಾಡ್ಯುಲೇಷನ್ ಮಾತ್ರ ಹಳೆಯದೇ.

ಈ ಏರ್ಪಾಡು ಸೆಕೆಂಡಿಗೆ 40 ಗಿಗಾಬಿಟ್ ವೇಗದಲ್ಲಿ ಕೈಕೊಟ್ಟಿತು. ಅಷ್ಟರಲ್ಲಿ ಸಿಲಿಕಾನ್ ಚಿಪ್‌ಗಳು ಸೆಕೆಂಡಿಗೆ ಶತಕೋಟಿಗಟ್ಟಲೆ ಮಾದರಿಗಳನ್ನು ಅಳೆದು ಲೆಕ್ಕ ಹಾಕುವಷ್ಟು ಬಲಿತಿದ್ದವು. 2008ರ ಸುಮಾರಿಗೆ ಕೆನಡಾದ ನಾರ್ಟೆಲ್ ಸಂಸ್ಥೆ 40 ಗಿಗಾಬಿಟ್‌ನ ಡಿಜಿಟಲ್ ಕೋಹೆರೆಂಟ್ ಉಪಕರಣವನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ 100 ಗಿಗಾಬಿಟ್‌ನದು ಪ್ಯಾರಿಸ್–ಫ್ರಾಂಕ್‌ಫರ್ಟ್ ನಡುವೆ ಕೆಲಸ ಆರಂಭಿಸಿತು. ಆಪ್ಟಿಕಲ್ ಆಂಪ್ಲಿಫೈಯರ್ ಬಂದ ಮೇಲೆ ಈ ಕ್ಷೇತ್ರ ಕಂಡ ಅತಿ ದೊಡ್ಡ ತಿರುವು ಇದು.

ಮಾಡ್ಯುಲೇಟರಿನ ರಚನೆ

ಮಾಹಿತಿಯನ್ನು ಬೆಳಕಿಗೇರಿಸಲು ಎರಡು ದಾರಿಗಳಿವೆ. ಲೇಸರಿಗೆ ಕೊಡುವ ವಿದ್ಯುತ್ತನ್ನೇ ಏರಿಳಿಸುವುದು ನೇರ ಮಾಡ್ಯುಲೇಷನ್. ಇದು ಅಗ್ಗ, ಉಪಕರಣ ಚಿಕ್ಕದು. ಆದರೆ ವಿದ್ಯುತ್ತು ಏರಿಳಿದಾಗ ಲೇಸರಿನ ಆವೃತ್ತಿಯೂ ತುಸು ಅಲುಗಾಡುತ್ತದೆ. ಇದಕ್ಕೆ ಚರ್ಪ್ ಎನ್ನುತ್ತಾರೆ. ಬೇರೆ ಬೇರೆ ಆವೃತ್ತಿಗಳು ಎಳೆಯಲ್ಲಿ ಬೇರೆ ಬೇರೆ ವೇಗದಲ್ಲಿ ಸಾಗುವುದರಿಂದ ಚರ್ಪ್ ಇರುವ ಮಿಡಿತ ದೂರ ಹೋದಂತೆ ಅಗಲವಾಗಿ ಪಕ್ಕದ ಮಿಡಿತದ ಮೇಲೆ ಬೀಳುತ್ತದೆ.

ಲೇಸರನ್ನು ಒಂದೇ ಸಮನೆ ಉರಿಯಲು ಬಿಟ್ಟು, ಹೊರಬಂದ ಬೆಳಕನ್ನು ಬೇರೊಂದು ಸಾಧನದಲ್ಲಿ ತಿದ್ದುವುದು ಬಾಹ್ಯ ಮಾಡ್ಯುಲೇಷನ್. ಇದರಲ್ಲಿ ಮುಖ್ಯವಾದದ್ದು ಮಾಖ್–ಜೆಂಡರ್ ಮಾಡ್ಯುಲೇಟರ್. ಇದರೊಳಗೆ ಬೆಳಕು ಎರಡು ಕವಲಾಗಿ ಹರಿದು ಮತ್ತೆ ಕೂಡುತ್ತದೆ. ಕವಲುಗಳು ಲಿಥಿಯಂ ನಯೋಬೇಟ್ ಹರಳಿನಲ್ಲಿ ರೂಪಿಸಿದ ಕಾಲುವೆಗಳು. ವೋಲ್ಟೇಜ್ ಕೊಟ್ಟಾಗ ಹರಳಿನ ವಕ್ರೀಭವನ ಸೂಚ್ಯಂಕ ಬದಲಾಗುತ್ತದೆ, ಬೆಳಕಿನ ಪ್ರಾವಸ್ಥೆ ಹಿಂದುಮುಂದಾಗುತ್ತದೆ. ಎರಡು ಕವಲುಗಳ ಅಲೆಗಳು ಒಂದೇ ಪ್ರಾವಸ್ಥೆಯಲ್ಲಿ ಕೂಡಿದರೆ ಬೆಳಕು ಪೂರ್ತಿ ಹೊರಬರುತ್ತದೆ, ಅರ್ಧ ಅಲೆಯಷ್ಟು ಅಂತರವಿದ್ದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಕೆಲಸದ ಬಿಂದುವನ್ನು ಬದಲಿಸಿದರೆ ಇದೇ ಸಾಧನ ತೀವ್ರತೆಯ ಬದಲು ಪ್ರಾವಸ್ಥೆಯನ್ನೂ ತಿರುಗಿಸಬಲ್ಲದು. ಇಂಡಿಯಂ ಫಾಸ್ಫೈಡ್ ಮತ್ತು ಸಿಲಿಕಾನ್ ಚಿಪ್‌ಗಳ ಮೇಲೆಯೂ ಈಗ ಇದೇ ರಚನೆಯನ್ನು ಮೂಡಿಸುತ್ತಾರೆ. ವೋಲ್ಟೇಜ್ ಕೊಟ್ಟಾಗ ಬೆಳಕನ್ನು ಹೀರಿಕೊಳ್ಳುವ ಎಲೆಕ್ಟ್ರೊ-ಅಬ್ಸಾರ್ಪ್ಷನ್ ಮಾಡ್ಯುಲೇಟರ್ ಇನ್ನೊಂದು ಬಗೆ; ಲೇಸರಿನ ಜೊತೆ ಒಂದೇ ಚಿಪ್‌ನಲ್ಲಿ ಕೂಡುವುದರಿಂದ ಮಧ್ಯಮ ದೂರದ ಕೊಂಡಿಗಳಿಗೆ ಇದು ಹಿಡಿಸುತ್ತದೆ.

ಎರಡು ಮಾಖ್–ಜೆಂಡರ್‌ಗಳನ್ನು ಪಕ್ಕಪಕ್ಕ ಇಟ್ಟು, ಒಂದರ ಬೆಳಕನ್ನು 90 ಡಿಗ್ರಿ ಪ್ರಾವಸ್ಥೆಯಷ್ಟು ಸರಿಸಿ ಕೂಡಿಸಿದರೆ ಐಕ್ಯು ಮಾಡ್ಯುಲೇಟರ್ ಆಗುತ್ತದೆ. ಇದರಿಂದ ಅಲೆಯ ಪಾರ (ಏರಿಳಿತದ ಎತ್ತರ) ಮತ್ತು ಪ್ರಾವಸ್ಥೆ ಎರಡನ್ನೂ ಬೇಕಾದಂತೆ ನಿಲ್ಲಿಸಬಹುದು. ಒಂದಕ್ಕೊಂದು ಲಂಬವಾದ ಎರಡು ಧ್ರುವೀಕರಣಗಳಿಗೆ ಒಂದೊಂದು ಐಕ್ಯು ಮಾಡ್ಯುಲೇಟರ್ ಬೇಕಾದ್ದರಿಂದ ಕೋಹೆರೆಂಟ್ ಪ್ರೇಷಕದಲ್ಲಿ ಒಟ್ಟು ನಾಲ್ಕು ಮಾಖ್–ಜೆಂಡರ್‌ಗಳಿರುತ್ತವೆ.

ತೀವ್ರತೆಯ ಮಾಡ್ಯುಲೇಷನ್

ಬೆಳಕು ಇದ್ದರೆ 1, ಇಲ್ಲದಿದ್ದರೆ 0 ಎಂಬ ಒಪ್ಪಂದವೇ ಆನ್-ಆಫ್ ಕೀಯಿಂಗ್. ಸಾಲಾಗಿ ಎರಡು 1 ಬಂದಾಗ ನಡುವೆ ಬೆಳಕನ್ನು ಆರಿಸದೆ ಮುಂದುವರಿಸುವುದು ನಾನ್-ರಿಟರ್ನ್-ಟು-ಜೀರೊ. ಪ್ರತಿ ಬಿಟ್‌ನ ನಡುವೆಯೂ ಬೆಳಕನ್ನು ಶೂನ್ಯಕ್ಕೆ ಇಳಿಸುವುದು ರಿಟರ್ನ್-ಟು-ಜೀರೊ. ಮೊದಲನೆಯದು ಕಡಿಮೆ ಪಟ್ಟಿಯಗಲ ಬೇಡುತ್ತದೆ, ಮಂಡಲವೂ ಸರಳ. ಗ್ರಾಹಕದಲ್ಲಿ ಒಂದು ಫೋಟೊಡಯೋಡ್ ಸಾಕು. ಫೋಟೊಡಯೋಡ್ ಬೆಳಕಿನ ತೀವ್ರತೆಯನ್ನಷ್ಟೇ ಅರಿಯುತ್ತದೆ. ಪ್ರಾವಸ್ಥೆಯ ವಿಷಯ ಅದಕ್ಕೆ ತಿಳಿಯದು.

ಈ ವಿಧಾನಕ್ಕೆ ಮುಖ್ಯ ಶತ್ರು ವರ್ಣವಿಭಜನೆ, ಅಂದರೆ ಬೇರೆ ಬೇರೆ ಆವೃತ್ತಿಗಳು ಎಳೆಯಲ್ಲಿ ಬೇರೆ ಬೇರೆ ವೇಗದಲ್ಲಿ ಸಾಗುವ ಗುಣ. ಭಾರತದ ನೆಲದಲ್ಲಿ ಹೆಚ್ಚಾಗಿ ಹೂತಿರುವ ಜಿ.652 ಮಾದರಿಯ ಎಳೆಯಲ್ಲಿ ಇದರ ಪ್ರಮಾಣ 1550 ನ್ಯಾನೊಮೀಟರ್ ಬಳಿ ಪ್ರತಿ ನ್ಯಾನೊಮೀಟರ್ ಪಟ್ಟಿಯಗಲಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು 17 ಪಿಕೊಸೆಕೆಂಡ್. 10 ಗಿಗಾಬಿಟ್ ವೇಗದಲ್ಲಿ ಒಂದು ಬಿಟ್ಟಿನ ಅವಧಿ 100 ಪಿಕೊಸೆಕೆಂಡ್, ಸಿಗ್ನಲಿನ ಪಟ್ಟಿಯಗಲ ಸುಮಾರು 0.08 ನ್ಯಾನೊಮೀಟರ್. 80 ಕಿಲೋಮೀಟರ್ ದಾಟುವಷ್ಟರಲ್ಲಿ ಮಿಡಿತ ಸುಮಾರು ನೂರು ಪಿಕೊಸೆಕೆಂಡಿನಷ್ಟು ಹರಡಿ ಪಕ್ಕದ ಬಿಟ್ಟಿನ ಜಾಗಕ್ಕೆ ನುಗ್ಗಿರುತ್ತದೆ. 40 ಗಿಗಾಬಿಟ್‌ನಲ್ಲಿ ಬಿಟ್ಟಿನ ಅವಧಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಪಟ್ಟಿಯಗಲ ನಾಲ್ಕು ಪಟ್ಟು ಹೆಚ್ಚುತ್ತದೆ. ಆದ್ದರಿಂದ ತಲುಪಬಲ್ಲ ದೂರ ಹದಿನಾರನೇ ಒಂದು ಭಾಗಕ್ಕೆ, ಅಂದರೆ ಸುಮಾರು 5 ಕಿಲೋಮೀಟರಿಗೆ ಕುಸಿಯುತ್ತದೆ. ವಿರುದ್ಧ ಗುಣದ ವಿಶೇಷ ಫೈಬರ್ ಸುರುಳಿಗಳನ್ನು ನಡುನಡುವೆ ಇಟ್ಟು ಇದನ್ನು ಸರಿದೂಗಿಸುತ್ತಿದ್ದರು. ವೇಗ ಹೆಚ್ಚಿದಂತೆ ಆ ಸರಿದೂಗಿಕೆ ಅತಿ ನಿಖರವಾಗಿರಬೇಕಾಗಿ ಬಂತು. ಪಟ್ಟಿಯಗಲ ಇಳಿಸುವ ಡ್ಯುಯೊಬೈನರಿ ವಿಧಾನ ಕೆಲಕಾಲ ನೆರವಾಯಿತು.

ತೀವ್ರತೆಯಲ್ಲೇ ಎರಡರ ಬದಲು ನಾಲ್ಕು ಮಟ್ಟಗಳನ್ನು ಬಳಸಿ ಪ್ರತಿ ಸಿಂಬಲ್ ಮೇಲೆ ಎರಡು ಬಿಟ್ ಹೊರಿಸುವುದು ಪ್ಯಾಮ್-4. ಮಟ್ಟಗಳ ನಡುವಿನ ಅಂತರ ಮೂರನೇ ಒಂದು ಭಾಗಕ್ಕೆ ಇಳಿಯುವುದರಿಂದ ಗದ್ದಲಕ್ಕೆ ಇದು ಬೇಗ ಸೋಲುತ್ತದೆ; ದೋಷ ತಿದ್ದುವ ಕೋಡ್ ಇಲ್ಲದೆ ನಡೆಯುವುದೇ ಇಲ್ಲ. ಆದರೂ ಬಾಡ್ ದರ ಏರಿಸದೆ ವೇಗ ಇಮ್ಮಡಿಯಾಗುವುದು ದೊಡ್ಡ ಲಾಭ. 2017ರಲ್ಲಿ ಅಂಗೀಕಾರವಾದ 200 ಮತ್ತು 400 ಗಿಗಾಬಿಟ್ ಈಥರ್ನೆಟ್ ಮಾನಕ ಪ್ಯಾಮ್-4ಅನ್ನು ಬಳಸಿತು. ಡೇಟಾ ಸೆಂಟರ್‌ಗಳ ಒಳಗೆ, ಕೆಲವು ಮೀಟರಿನಿಂದ ಕೆಲವು ಕಿಲೋಮೀಟರ್‌ವರೆಗಿನ ದೂರಕ್ಕೆ, ಈಗ ಇದರದೇ ಕಾರುಬಾರು.

ಪ್ರಾವಸ್ಥೆಯ ಮಾಡ್ಯುಲೇಷನ್ ಮತ್ತು ಕೋಹೆರೆಂಟ್ ವಿಧಾನ

ಹಿಂದಿನ ಸಿಂಬಲ್‌ಗೆ ಹೋಲಿಸಿ ಪ್ರಾವಸ್ಥೆ ಬದಲಾಗಿದೆಯೇ ಎಂಬುದರಿಂದ ಬಿಟ್ಟನ್ನು ತಿಳಿಯುವುದು ಡಿಪಿಎಸ್‌ಕೆ. ಬಂದ ಬೆಳಕನ್ನು ಒಂದು ಸಿಂಬಲ್ ಅವಧಿಯಷ್ಟು ತಡಮಾಡಿದ ಅದೇ ಬೆಳಕಿನೊಡನೆ ಕೂಡಿಸಿ, ಎರಡು ಫೋಟೊಡಯೋಡ್‌ಗಳಿಂದ ಅಳೆದರೆ ಆನ್-ಆಫ್‌ಗಿಂತ ಸುಮಾರು 3 ಡೆಸಿಬೆಲ್ ಲಾಭ ಸಿಗುತ್ತದೆ. ನಾಲ್ಕು ಪ್ರಾವಸ್ಥೆಗಳ ಡಿಕ್ಯುಪಿಎಸ್‌ಕೆ ಇದರ ಮುಂದುವರಿಕೆ. 40 ಗಿಗಾಬಿಟ್ ಜಾಲಗಳಲ್ಲಿ ಇವೆರಡೂ ಬಳಕೆಯಾಗಿ, ಕೋಹೆರೆಂಟ್ ಉಪಕರಣ ಅಗ್ಗವಾದ ಕೂಡಲೇ ಹಿನ್ನೆಲೆಗೆ ಸರಿದವು.

ಕೋಹೆರೆಂಟ್ ಗ್ರಾಹಕದಲ್ಲಿ ತನ್ನದೇ ಒಂದು ಲೇಸರ್ ಇರುತ್ತದೆ. ಬಂದ ಬೆಳಕನ್ನು ಈ ಸ್ಥಳೀಯ ಲೇಸರಿನ ಬೆಳಕಿನೊಡನೆ ಬೆರೆಸಿದಾಗ ಆಗುವ ವ್ಯತಿಕರಣದಿಂದ ಅಲೆಯ ಪಾರ ಮತ್ತು ಪ್ರಾವಸ್ಥೆ ಎರಡೂ ವಿದ್ಯುತ್ ಸಿಗ್ನಲಾಗಿ ಮೂಡುತ್ತವೆ. ಎರಡು ಧ್ರುವೀಕರಣಗಳಿಗೆ ಎರಡೆರಡರಂತೆ ನಾಲ್ಕು ಸಿಗ್ನಲ್‌ಗಳನ್ನು ಅಂಕಿಗಳಾಗಿಸಿ ಡಿಜಿಟಲ್ ಸಂಸ್ಕಾರಕಕ್ಕೆ ಕೊಡುತ್ತಾರೆ. ಬೆಳಕಿನ ಪೂರ್ಣ ಸ್ವರೂಪ ಅಂಕಿಗಳಲ್ಲಿ ಸಿಕ್ಕಿದ್ದರಿಂದ ಎಳೆಯಲ್ಲಿ ಆದ ವಿಕಾರಗಳನ್ನು ಲೆಕ್ಕದಿಂದಲೇ ಹಿಂದಿರುಗಿಸಬಹುದು. ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಕೂಡಿಬಂದ ವರ್ಣವಿಭಜನೆ ಚಿಪ್‌ನೊಳಗೆ ಅಳಿಯುತ್ತದೆ. ಎಳೆ ಬಾಗಿದಾಗ, ಬಿಸಿಯಾದಾಗ, ಕಂಬದ ಮೇಲಿನ ಕೇಬಲ್ ಗಾಳಿಗೆ ತೂಗಿದಾಗ ಧ್ರುವೀಕರಣದ ದಿಕ್ಕು ತಿರುಗುತ್ತಲೇ ಇರುತ್ತದೆ. ಅದನ್ನೂ ಸಂಸ್ಕಾರಕ ಬೆನ್ನಟ್ಟಿ ಸರಿಪಡಿಸುತ್ತದೆ. ಎರಡು ಲೇಸರ್‌ಗಳ ಆವೃತ್ತಿ ಪೂರ್ತಿ ಒಂದೇ ಇರಬೇಕೆಂಬ ಹಳೆಯ ಕಟ್ಟುಪಾಡೂ ಸಡಿಲವಾಯಿತು. 1980ರ ದಶಕದ ಕೋಹೆರೆಂಟ್ ಪ್ರಯತ್ನಗಳಿಗೆ ಇಲ್ಲದಿದ್ದುದು ಈ ಲೆಕ್ಕದ ಬಲವೇ.

100 ಗಿಗಾಬಿಟ್‌ಗೆ ಮಾನಕವಾಗಿ ನಿಂತದ್ದು ಎರಡು ಧ್ರುವೀಕರಣಗಳ ಕ್ಯುಪಿಎಸ್‌ಕೆ. ನಾಲ್ಕು ಪ್ರಾವಸ್ಥೆಗಳಿಂದ ಎರಡು ಬಿಟ್, ಎರಡು ಧ್ರುವೀಕರಣಗಳಿಂದ ಅದರ ಇಮ್ಮಡಿ, ಹೀಗೆ ಪ್ರತಿ ಸಿಂಬಲ್ ಅವಧಿಯಲ್ಲಿ ನಾಲ್ಕು ಬಿಟ್. 28 ಗಿಗಾಬಾಡ್ ದರದಲ್ಲಿ ಇದು 112 ಗಿಗಾಬಿಟ್. 100 ಮಾಹಿತಿಗೆ, ಉಳಿದದ್ದು ದೋಷ ತಿದ್ದುವ ಕೋಡ್ ಮತ್ತು ಚೌಕಟ್ಟಿಗೆ. ಇಷ್ಟೂ 50 ಗಿಗಾಹರ್ಟ್ಸ್ ಅಗಲದ ಒಂದು ಚಾನೆಲ್ಲಿನಲ್ಲಿ ಹಿಡಿಯುತ್ತದೆ. 1530ರಿಂದ 1565 ನ್ಯಾನೊಮೀಟರ್‌ವರೆಗಿನ ಸಿ-ಪಟ್ಟಿಯಲ್ಲಿ ಇಂಥ 80ಕ್ಕೂ ಹೆಚ್ಚು ಚಾನೆಲ್‌ಗಳು ಕೂರುವುದರಿಂದ ಒಂದೇ ಎಳೆಯಲ್ಲಿ ಸೆಕೆಂಡಿಗೆ 8 ಟೆರಾಬಿಟ್ ಸಾಗುತ್ತದೆ.

ಪಾರ ಮತ್ತು ಪ್ರಾವಸ್ಥೆ ಎರಡನ್ನೂ ಬದಲಿಸುವ ಕ್ಯುಎಎಂ ಇನ್ನೂ ಮುಂದಿನ ಹೆಜ್ಜೆ. ಒಂದು ಧ್ರುವೀಕರಣದಲ್ಲಿ 16-ಕ್ಯುಎಎಂ ನಾಲ್ಕು ಬಿಟ್, 64-ಕ್ಯುಎಎಂ ಆರು ಬಿಟ್ ಹೊರುತ್ತದೆ. ನಾಲ್ಕು ನೂರು ಗಿಗಾಬಿಟ್‌ನ್ನು ಒಂದು ಚಿಕ್ಕ ಮಾಡ್ಯೂಲಿಗೆ ಇಳಿಸಿದ 400ಜೆಡ್‌ಆರ್ ಒಪ್ಪಂದ 2020ರಲ್ಲಿ ಬಂತು. ಅದು ಸುಮಾರು 60 ಗಿಗಾಬಾಡ್ ದರದ 16-ಕ್ಯುಎಎಂ ಬಳಸಿ, ಆಂಪ್ಲಿಫೈಯರ್ ನೆರವಿನಿಂದ 120 ಕಿಲೋಮೀಟರ್‌ವರೆಗೆ ಹೋಗುತ್ತದೆ. ಸಿಂಬಲ್‌ಗಳ ನಕ್ಷೆಯ ಎಲ್ಲ ಬಿಂದುಗಳನ್ನೂ ಸಮನಾಗಿ ಬಳಸದೆ, ಕಡಿಮೆ ಶಕ್ತಿಯ ಒಳಬಿಂದುಗಳನ್ನು ಹೆಚ್ಚು ಸಲ, ಹೆಚ್ಚು ಶಕ್ತಿಯ ಹೊರಬಿಂದುಗಳನ್ನು ಕಡಿಮೆ ಸಲ ಬಳಸುವ ಸಂಭಾವ್ಯತಾ ಆಕಾರಣ ವಿಧಾನ ತಾತ್ತ್ವಿಕವಾಗಿ 1.53 ಡೆಸಿಬೆಲ್‌ವರೆಗೆ ಲಾಭ ಕೊಡುತ್ತದೆ. ಇದರ ನಿಜವಾದ ಉಪಯೋಗ ಬೇರೆಡೆ ಇದೆ: ಕೊಂಡಿಯ ದೂರಕ್ಕೆ ಸರಿಯಾಗಿ ಬಿಟ್ ದರವನ್ನು ಸ್ವಲ್ಪಸ್ವಲ್ಪವೇ ಹೊಂದಿಸಲು ಇದು ಅನುವು ಮಾಡಿಕೊಡುತ್ತದೆ.

ಮಿತಿಗಳು

ಕ್ಲಾಡ್ ಶಾನನ್ 1948ರಲ್ಲಿ ತೋರಿಸಿದಂತೆ ಯಾವುದೇ ಸಂವಹನ ಮಾರ್ಗದ ಸಾಮರ್ಥ್ಯವನ್ನು ಅದರ ಪಟ್ಟಿಯಗಲ ಮತ್ತು ಸಿಗ್ನಲ್–ಗದ್ದಲಗಳ ಅನುಪಾತ ಕಟ್ಟಿಹಾಕುತ್ತವೆ. ಕ್ಯುಎಎಂನಲ್ಲಿ ಸಿಂಬಲ್‌ಗೆ ಒಂದು ಬಿಟ್ ಹೆಚ್ಚಿಸಲು ಈ ಅನುಪಾತ ಸುಮಾರು 3 ಡೆಸಿಬೆಲ್, ಅಂದರೆ ಎರಡು ಪಟ್ಟು ಹೆಚ್ಚಬೇಕು. ಅಂದಮೇಲೆ ಬೆಳಕಿನ ಶಕ್ತಿ ಏರಿಸಿದರಾಯಿತಲ್ಲ ಎನ್ನುವಂತಿಲ್ಲ. ಎಳೆಯ ನಡುತಿರುಳು ಒಂಬತ್ತು ಮೈಕ್ರೊಮೀಟರಿನಷ್ಟೇ ಅಗಲವಾದ್ದರಿಂದ ಅಲ್ಲಿ ಬೆಳಕು ಬಹಳ ಸಾಂದ್ರ. ತೀವ್ರತೆ ಹೆಚ್ಚಾದರೆ ಗಾಜಿನ ವಕ್ರೀಭವನ ಸೂಚ್ಯಂಕವೇ ಬದಲಾಗುತ್ತದೆ; ಇದು ಕೆರ್ ಪರಿಣಾಮ. ಒಂದು ಚಾನೆಲ್ಲಿನ ಬೆಳಕು ಪಕ್ಕದ ಚಾನೆಲ್ಲಿನ ಪ್ರಾವಸ್ಥೆಯನ್ನು ಕೆಡಿಸುತ್ತದೆ. ಹೀಗಾಗಿ ದೀರ್ಘ ದೂರದ ಕೊಂಡಿಗಳಲ್ಲಿ ಪ್ರತಿ ಚಾನೆಲ್ಲಿಗೆ ಒಂದು ಮಿಲಿವಾಟ್ ಆಸುಪಾಸಿನ ಶಕ್ತಿಯೇ ಹಿತ.

ಗದ್ದಲ ಇಳಿಸುವ ಒಂದು ಉಪಾಯಕ್ಕೆ ಬೆಂಗಳೂರಿನ ನಂಟಿದೆ. ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮವೇ ರಾಮನ್ ಆಂಪ್ಲಿಫೈಯರಿಗೆ ಆಧಾರ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದು, 1948ರಲ್ಲಿ ಅಲ್ಲೇ ತಮ್ಮ ಹೆಸರಿನ ಸಂಶೋಧನಾ ಸಂಸ್ಥೆ ಕಟ್ಟಿದರು. ಸುಮಾರು 1450 ನ್ಯಾನೊಮೀಟರಿನ ಪ್ರಬಲ ಲೇಸರನ್ನು ಎಳೆಗೆ ಬಿಟ್ಟರೆ ಗಾಜಿನ ಅಣುಕಂಪನಗಳ ಮೂಲಕ ಅದರ ಶಕ್ತಿ 1550 ನ್ಯಾನೊಮೀಟರಿನ ಸಿಗ್ನಲಿಗೆ ಹರಿಯುತ್ತದೆ. ಎಳೆಯೇ ಆಂಪ್ಲಿಫೈಯರ್ ಆಗುವುದರಿಂದ ಸಿಗ್ನಲ್ ತೀರ ಕುಗ್ಗುವ ಮೊದಲೇ ವರ್ಧನೆ ಸಿಗುತ್ತದೆ, 16-ಕ್ಯುಎಎಂನಂಥ ನಾಜೂಕಿನ ವಿಧಾನಗಳು ಹೆಚ್ಚು ದೂರ ತಲುಪುತ್ತವೆ.

ಗ್ರಾಮ ಜಾಲಗಳಲ್ಲಿ ಬಳಕೆ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಮಣ್ಣೂರ, ಭೀಮಾ ತೀರದಲ್ಲಿ ಮಹಾರಾಷ್ಟ್ರದ ಗಡಿಗೆ ಸಮೀಪ ಇರುವ ಊರು. ಇಂಥ ಊರುಗಳ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯಲು ಕೇಂದ್ರ ಸರ್ಕಾರ 2011ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮುಂದೆ ಇದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಪ್ರತಿ ಪಂಚಾಯಿತಿಗೆ ಕನಿಷ್ಠ ಸೆಕೆಂಡಿಗೆ 100 ಮೆಗಾಬಿಟ್ ಕೊಡುವ ಗುರಿಯಿತ್ತು. ಮೊದಲ ಹಂತದ ಒಂದು ಲಕ್ಷ ಪಂಚಾಯಿತಿಗಳ ಕೆಲಸ 2017ರ ಡಿಸೆಂಬರಿನಲ್ಲಿ ಮುಗಿಯಿತು.

ಮೊದಲ ಹಂತದ ವಿನ್ಯಾಸ ಜಿಪಾನ್ ಎಂಬ ಮಾನಕದ್ದು. ತಾಲ್ಲೂಕು ಕೇಂದ್ರದ ದೂರವಾಣಿ ವಿನಿಮಯ ಕೇಂದ್ರದಲ್ಲಿ ಓಎಲ್‌ಟಿ ಎಂಬ ಮುಖ್ಯ ಪೆಟ್ಟಿಗೆ, ಪಂಚಾಯಿತಿ ಕಚೇರಿಯಲ್ಲಿ ಓಎನ್‌ಟಿ ಪೆಟ್ಟಿಗೆ, ನಡುವೆ ಬೆಳಕನ್ನು ಕವಲುಗಳಿಗೆ ಹಂಚುವ, ವಿದ್ಯುತ್ ಬೇಡದ ಸ್ಪ್ಲಿಟರ್. ಓಎಲ್‌ಟಿಯಿಂದ ಹಳ್ಳಿಯ ಕಡೆಗೆ 1490 ನ್ಯಾನೊಮೀಟರ್‌ನಲ್ಲಿ ಸೆಕೆಂಡಿಗೆ 2.488 ಗಿಗಾಬಿಟ್, ಹಳ್ಳಿಯಿಂದ ತಾಲ್ಲೂಕಿನ ಕಡೆಗೆ 1310 ನ್ಯಾನೊಮೀಟರ್‌ನಲ್ಲಿ 1.244 ಗಿಗಾಬಿಟ್. ಎರಡು ದಿಕ್ಕಿಗೂ ಆನ್-ಆಫ್ ಕೀಯಿಂಗ್. ಹಳ್ಳಿಯ ತುದಿಗೆ 1310 ಆರಿಸಿದ್ದರಲ್ಲಿ ಜಾಣತನವಿದೆ: ಆ ತರಂಗಾಂತರದ ಬಳಿ ವರ್ಣವಿಭಜನೆ ಶೂನ್ಯಕ್ಕೆ ಸಮೀಪ ಇರುವುದರಿಂದ ನೇರ ಮಾಡ್ಯುಲೇಷನ್ನಿನ ಅಗ್ಗದ ಲೇಸರ್ ಅಲ್ಲಿ ಸಾಕಾಗುತ್ತದೆ. ಒಂದೇ ಎಳೆಯನ್ನು ಹಲವು ಪಂಚಾಯಿತಿಗಳು ಹಂಚಿಕೊಳ್ಳುವುದರಿಂದ ಪ್ರತಿ ಓಎನ್‌ಟಿ ತನಗೆ ಗೊತ್ತುಮಾಡಿದ ಹೊತ್ತಿನಲ್ಲಿ ಮಾತ್ರ ಲೇಸರ್ ಹಚ್ಚಿ, ಉಳಿದ ಹೊತ್ತು ಪೂರ್ತಿ ಆರಿಸಿರಬೇಕು.

ಇಲ್ಲಿ ಸರಳ ವಿಧಾನವೇ ಏಕೆ ಸಾಕು ಎಂಬುದು ನಷ್ಟದ ಲೆಕ್ಕದಿಂದ ತಿಳಿಯುತ್ತದೆ. ಜಿಪಾನ್‌ನ ಬಿ+ ವರ್ಗ 28 ಡೆಸಿಬೆಲ್ ನಷ್ಟ ತಡೆಯುತ್ತದೆ. 1310 ನ್ಯಾನೊಮೀಟರ್‌ನಲ್ಲಿ 20 ಕಿಲೋಮೀಟರ್ ಎಳೆಗೆ ಸುಮಾರು 7 ಡೆಸಿಬೆಲ್, 32 ಕವಲಿನ ಸ್ಪ್ಲಿಟರಿಗೆ ಸುಮಾರು 17, ಜಾಯಿಂಟು ಮತ್ತು ಕನೆಕ್ಟರ್‌ಗಳಿಗೆ ಎರಡು ಮೂರು ಹೋದರೂ ಸಿಗ್ನಲ್ ಮುಟ್ಟುತ್ತದೆ. ಹೆಚ್ಚಿನ ನಷ್ಟ ದೂರದಿಂದಲ್ಲ, ಹಂಚಿಕೆಯಿಂದ. ಕೇಬಲ್ ಕಟ್ಟಾದಾಗಲೆಲ್ಲ ಹೊಸ ಜಾಯಿಂಟು ಸೇರಿ ಈ ಲೆಕ್ಕದಲ್ಲಿ ಉಳಿದ ಅಂಚು ಸವೆಯುತ್ತದೆ. ಕೇಬಲ್ಲಿನ ಪೈಪನ್ನು 1.65 ಮೀಟರ್ ಆಳದಲ್ಲಿ ಹೂಳಬೇಕೆಂಬ ನಿಯಮಕ್ಕೆ ಬೆಲೆ ಇರುವುದು ಇದಕ್ಕೇ. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಎರೆಭೂಮಿಯ ಸೀಮೆಯಲ್ಲಂತೂ ಅದು ಇನ್ನೂ ಮುಖ್ಯ.

2023ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿ ಯೋಜನೆ ತಾಲ್ಲೂಕಿನಿಂದ ಪಂಚಾಯಿತಿಗಳಿಗೆ ಉಂಗುರದಾಕಾರದ ಜಾಲವನ್ನು ಗೊತ್ತುಮಾಡಿದೆ. ಒಂದು ಕಡೆ ಕೇಬಲ್ ಕಟ್ಟಾದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ರೂಟರ್‌ಗಳ ನಡುವಿನ ಇಂಥ ಕಡಿಮೆ ದೂರದ ಕೊಂಡಿಗಳಿಗೂ ಸಾಮಾನ್ಯವಾಗಿ ಆನ್-ಆಫ್ ವಿಧಾನವೇ ಬಳಕೆ. ಜಿಲ್ಲಾ ಕೇಂದ್ರ ದಾಟಿ ಹೆದ್ದಾರಿ ಜಾಲ ಸೇರಿದ ಮೇಲೆ, ಹಲವು ತರಂಗಾಂತರಗಳ ಉಪಕರಣದಲ್ಲಿ, ಕೋಹೆರೆಂಟ್ ಮಾಡ್ಯುಲೇಷನ್ ಎದುರಾಗುತ್ತದೆ.

ಕರ್ನಾಟಕದಲ್ಲಿ ಸಂಶೋಧನೆ ಮತ್ತು ತಯಾರಿಕೆ

ದೂರಸಂಪರ್ಕ ಉಪಕರಣಗಳ ತಯಾರಿಕೆ ಕರ್ನಾಟಕದಲ್ಲಿ 1948ರಲ್ಲಿ ಬೆಂಗಳೂರಿನ ದೂರವಾಣಿನಗರದಲ್ಲಿ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಸ್ಥಾಪನೆಯೊಂದಿಗೆ ನೆಲೆಗೊಂಡಿತು. 1984ರಲ್ಲಿ ಆರಂಭವಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಜಿಪಾನ್ ತಂತ್ರಜ್ಞಾನವನ್ನು ದೇಶದಲ್ಲೇ ರೂಪಿಸಿತು. ಐಟಿಐ ಅದನ್ನು ಪಡೆದು ಉಪಕರಣ ತಯಾರಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂವಹನ ಎಂಜಿನಿಯರಿಂಗ್ ವಿಭಾಗದಲ್ಲಿ ಆಪ್ಟಿಕಲ್ ಸಂವಹನದ, ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಸಿಲಿಕಾನ್ ಫೋಟಾನಿಕ್ಸ್‌ನ ಸಂಶೋಧನೆ ನಡೆಯುತ್ತದೆ. ಆ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಕುಮಾರ್ ಎನ್. ಶಿವರಾಜನ್, ರಾಜೀವ್ ರಾಮಸ್ವಾಮಿ ಅವರೊಂದಿಗೆ ಬರೆದ ಆಪ್ಟಿಕಲ್ ಜಾಲಗಳ ಪಠ್ಯಪುಸ್ತಕ 1998ರಲ್ಲಿ ಪ್ರಕಟವಾಗಿ ಹಲವು ದೇಶಗಳ ತರಗತಿಗಳನ್ನು ಮುಟ್ಟಿತು. ಶಿವರಾಜನ್ ಅವರು ಸಂಜಯ್ ನಾಯಕ್ ಮತ್ತು ಅರ್ಣಬ್ ರಾಯ್ ಅವರೊಡನೆ 2000ದಲ್ಲಿ ಬೆಂಗಳೂರಿನಲ್ಲಿ ತೇಜಸ್ ನೆಟ್‌ವರ್ಕ್ಸ್ ಸ್ಥಾಪಿಸಿದರು. ತರಂಗಾಂತರ ವಿಭಾಗದ ಹೆದ್ದಾರಿ ಉಪಕರಣ ಮತ್ತು ಜಿಪಾನ್ ಎರಡನ್ನೂ ವಿನ್ಯಾಸಗೊಳಿಸಿದ ಈ ಸಂಸ್ಥೆ ಭಾರತ್‌ನೆಟ್‌ಗೂ ಉಪಕರಣ ಒದಗಿಸಿದೆ. 2021ರಲ್ಲಿ ಟಾಟಾ ಸಮೂಹ ಇದರ ದೊಡ್ಡ ಪಾಲು ಷೇರು ಕೊಳ್ಳುವ ಒಪ್ಪಂದ ಮಾಡಿಕೊಂಡಿತು.

ಈಗಿನ ಸ್ಥಿತಿ

ಕೋಹೆರೆಂಟ್ ಉಪಕರಣಗಳ ಬಾಡ್ ದರ 130 ಗಿಗಾಬಾಡ್ ದಾಟಿದೆ. ಒಂದೇ ತರಂಗಾಂತರದಲ್ಲಿ 800 ಗಿಗಾಬಿಟ್ ಮತ್ತು ಅದಕ್ಕೂ ಹೆಚ್ಚು ಸಾಗುತ್ತಿದೆ. ಶಾನನ್ ಮಿತಿಗೆ ಹತ್ತಿರ ಬಂದಿರುವುದರಿಂದ ಹೊಸ ಮಾಡ್ಯುಲೇಷನ್ ವಿಧಾನಗಳಿಂದ ಸಿಗುವ ಲಾಭ ಚಿಕ್ಕದಾಗುತ್ತಿದೆ. ಪ್ರಯತ್ನಗಳು ಬಾಡ್ ದರ ಏರಿಸುವ, ಸಿ-ಪಟ್ಟಿಯ ಜೊತೆ ಅದರ ಪಕ್ಕದ ಎಲ್-ಪಟ್ಟಿಯನ್ನೂ ಬಳಸುವ, ಒಂದೇ ಕೇಬಲ್ಲಿನಲ್ಲಿ ಹೆಚ್ಚು ಎಳೆಗಳನ್ನು ತುಂಬುವ ಕಡೆಗೆ ತಿರುಗಿವೆ. ತೆಳುಪದರದ ಲಿಥಿಯಂ ನಯೋಬೇಟ್ ಮಾಡ್ಯುಲೇಟರ್‌ಗಳು ಕಡಿಮೆ ವೋಲ್ಟೇಜಿನಲ್ಲಿ 100 ಗಿಗಾಹರ್ಟ್ಸ್ ಪಟ್ಟಿಯಗಲ ತೋರಿಸಿವೆ.

ಹಳ್ಳಿ ಮತ್ತು ಮನೆಗಳ ಕೊನೆಯ ಕೊಂಡಿಯಲ್ಲಿ ಜಿಪಾನ್ ನಂತರ 2016ರಲ್ಲಿ ಎರಡು ದಿಕ್ಕಿಗೂ 10 ಗಿಗಾಬಿಟ್‌ನ ಎಕ್ಸ್‌ಜಿಎಸ್-ಪಾನ್, 2021ರಲ್ಲಿ 50 ಗಿಗಾಬಿಟ್‌ನ ಪಾನ್ ಮಾನಕಗಳು ಬಂದವು. ಇವೆಲ್ಲ ಈಗಲೂ ಆನ್-ಆಫ್ ಕೀಯಿಂಗನ್ನೇ ಬಳಸುತ್ತವೆ. 50 ಗಿಗಾಬಿಟ್‌ನಲ್ಲಿ ಮಾತ್ರ, ಸಿಗ್ನಲ್ಲಿನ ವಿಕಾರ ಸರಿಪಡಿಸಲು ಗ್ರಾಹಕಕ್ಕೆ ಡಿಜಿಟಲ್ ಸಂಸ್ಕಾರಕ ಸೇರಿದೆ. ಈಗಾಗಲೇ ಹೂತಿರುವ ಎಳೆ ಮತ್ತು ಸ್ಪ್ಲಿಟರ್‌ಗಳನ್ನು ತೆಗೆಯದೆ, ಎರಡು ತುದಿಗಳ ಪೆಟ್ಟಿಗೆ ಬದಲಿಸಿಯೇ ಈ ವೇಗ ಪಡೆಯುವಂತೆ ಮಾನಕಗಳನ್ನು ರೂಪಿಸಿದ್ದಾರೆ. 100 ಗಿಗಾಬಿಟ್ ಮತ್ತು ಅದರಾಚೆಗೆ ಕೊನೆಯ ಕೊಂಡಿಗೂ ಕೋಹೆರೆಂಟ್ ವಿಧಾನ ತರುವ ಸಂಶೋಧನೆ ನಡೆದಿದ್ದು, ಓಎನ್‌ಟಿಯ ಬೆಲೆಗೆ ಒಗ್ಗುವಷ್ಟು ಅಗ್ಗದ ಸ್ಥಿರ ಲೇಸರ್ ಇಲ್ಲದಿರುವುದು ಅದರ ಮುಖ್ಯ ತೊಡಕಾಗಿದೆ.